ನಾಂದಿಯವರೆಗೆ ಓದದ ಫೀಡ್

ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲಿ ಯಾರ ಮನೆಗೆ ಸೂತಕ ಬಂದರೂ ಆ ಮನೆಯವರಿಗಿಂತ ಮೊದಲು ಅದು ಗೊತ್ತಾಗುತ್ತಿದ್ದುದು ಎರಡನೆಯ ಮಹಡಿಯ ಸಂಕರ್ಷಣ ಉಪಾಧ್ಯರಿಗೆ. ಬೆಳಿಗ್ಗೆ ಅವರು ಬೆಲ್ ಒತ್ತಿ, ಒಳಗೆ ಕರೆದರೂ ಬರದೆ ಹೊರಗೇ ನಿಂತರೆಂದರೆ ಊರಿನಲ್ಲಿ ನಿಮ್ಮವರು ಯಾರೋ ಹೋದರು ಎಂದೇ ಅರ್ಥ. ನನ್ನ ಹೆಂಡತಿ ಚಂಪಾ ಅವರಿಗೆ ಯಮಧರ್ಮನ ಪೋಸ್ಟ್‌ಮ್ಯಾನ್ ಎಂದು ಹೆಸರಿಟ್ಟಿದ್ದಳು. ನಾನೂ ನಗುತ್ತಿದ್ದೆ. ನನ್ನ ಸೋದರಮಾವ ತೀರಿಕೊಂಡಾಗ ಆ ಸುದ್ದಿ ತಂದವರೂ ಅವರೇ. ಮಂಗಳೂರಿನಲ್ಲಿರುವ ನನ್ನ ಸ್ವಂತ ತಮ್ಮನಿಗೆ ಫೋನ್ ಮಾಡಲು ಪುರಸೊತ್ತಾದದ್ದು ಆ ದಿನ ಸಂಜೆಗೆ. ಅಂದಿನಿಂದ ನಮ್ಮ ಮನೆಯಲ್ಲಿ ಆ ಹೆಸರು ಯಾರೂ ಎತ್ತಲಿಲ್ಲ.

ಉಪಾಧ್ಯರು ಕಲ್ಯಾಣ ಸ್ಟೇಷನ್ ಹತ್ತಿರದ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಉಡುಪಿಯ ಕಡೆಯಿಂದ ಹುಡುಗನಾಗಿ ಬಂದು ಅದೇ ಹೋಟೆಲಿನಲ್ಲಿ ತಲೆ ನರೆಸಿಕೊಂಡರು. ಅಲ್ಲಿಗೆ ಊರಿನ ಕನ್ನಡ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅವರು ಮೊದಲು ಬಿಡಿಸುತ್ತಿದ್ದುದು ನಿಧನದ ಪುಟವನ್ನೇ. ಯಾರು, ಯಾವ ಮನೆಯವರು, ಅವರ ಕಡೆಯವರು ಠಾಣೆಯಿಂದ ಪನವೇಲ್‌ವರೆಗೆ ಎಲ್ಲೆಲ್ಲಿದ್ದಾರೆ ಎಂದು ಯೋಚಿಸಿ ಒಬ್ಬೊಬ್ಬರಿಗೇ ಫೋನ್ ಮಾಡುವರು. ಯಾರೂ ಅವರಿಗೆ ಈ ಕೆಲಸ ವಹಿಸಿರಲಿಲ್ಲ. ನಾನೊಮ್ಮೆ ರೇಗಿ, "ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೇ?" ಎಂದು ಕೇಳಿದ್ದೆ. "ತನ್ನವರು ಸತ್ತದ್ದು ಗೊತ್ತಿಲ್ಲದೆ ಒಬ್ಬ ಮನುಷ್ಯ ಹೋಳಿಗೆ ಊಟ ಮಾಡಿಕೊಂಡು ಇರ್ಬಾರದು ಶೆಟ್ರೇ. ಅದು ಸತ್ತವರಿಗೂ ಅನ್ಯಾಯ, ಇವನಿಗೂ ಅನ್ಯಾಯ" ಎಂದರು. ಅವರ ಬದುಕಿನ ಧರ್ಮಶಾಸ್ತ್ರ ಅಷ್ಟೇ.

ಹೋಟೆಲು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂತು. ಪತ್ರಿಕೆಯೂ ನಿಂತಿತು. ವಾಟ್ಸ್ಯಾಪ್ ನಂಬಿ ಒಮ್ಮೆ ಭಿವಂಡಿಯ ಒಬ್ಬರಿಗೆ ಸಂತಾಪ ಹೇಳಿಬಿಟ್ಟರು. ಸತ್ತರೆಂದು ಸುದ್ದಿಯಾದ ಮನುಷ್ಯ ಮರುದಿನ ತಾನೇ ಫೋನ್ ಮಾಡಿ ಇವರನ್ನು ಚೆನ್ನಾಗಿ ಬೈದ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡದ್ದನ್ನು ಕಂಡು ಮಗಳು ಅಪರ್ಣಾ ಅವರ ಫೋನಿನಲ್ಲಿ ಫೀಡ್ ರೀಡರ್ ಎಂಬ ಆ್ಯಪ್ ಹಾಕಿಕೊಟ್ಟಳು. ಅಪರ್ಣಾ ಇಲ್ಲೇ ಹುಟ್ಟಿದವಳು, ಠಾಣೆಯ ವಿಮಾ ಕಚೇರಿಯೊಂದರಲ್ಲಿ ಕೆಲಸ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ. "ಅಪ್ಪಾ, ರೋಜ್ ರೋಜ್ ಸೈಟ್ ಪೆ ಜಾನೇಕಾ ನಹೀ. ಜೋ ನಯಾ ಆಯೇಗಾ, ಖುದ್ ಇಧರ್ ಆಯೇಗಾ" ಎಂದು, ದಿನಾ ಸೈಟಿಗೆ ಹೋಗುವುದು ಬೇಡ, ಹೊಸತು ತಾನಾಗಿ ಇಲ್ಲಿಗೇ ಬರುತ್ತದೆಂದು ಹೇಳಿಕೊಟ್ಟಳಂತೆ.

ಅದನ್ನು ಅವರು ನನಗೆ ಕಲಿಸಿದ ರೀತಿ ನನಗಿನ್ನೂ ನೆನಪಿದೆ. ನಾನು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿಯ ಆಫೀಸು ನೋಡಿಕೊಳ್ಳುವವನು. ಸರಳಿನ ದರ ತಿಳಿಯಲು ದಿನಕ್ಕೆ ಹತ್ತು ಸಲ ಅದೇ ಸೈಟ್ ತೆರೆದು ಮುಚ್ಚುತ್ತಿದ್ದೆ.

"ನೀವು ಹಾಲಿಗೆ ಡೇರಿಗೆ ಹೋಗ್ತೀರಾ?" ಎಂದರು ಉಪಾಧ್ಯರು. "ಬಾಗಿಲಿಗೆ ಚೀಲ ಕಟ್ಟಿದ್ರೆ ಹಾಲಿನವನೇ ಪ್ಯಾಕೆಟ್ ಹಾಕಿ ಹೋಗ್ತಾನೆ. ಇದೂ ಹಾಗೆ. ಆ ಸೈಟಿನ ಫೀಡಿನ ವಿಳಾಸ ಇದರಲ್ಲಿ ಹಾಕಿದ್ರೆ ಮುಗೀತು. ಅವರು ಹೊಸತು ಬರೆದದ್ದು ಇಲ್ಲಿ ಬಂದು ಬೀಳ್ತದೆ. ನಿಮ್ಮ ಹೆಸರು, ಫೋನ್ ನಂಬರ್ ಎಂತದೂ ಕೇಳುದಿಲ್ಲ."

"ಫೇಸ್‌ಬುಕ್ಕಿನಲ್ಲೂ ಬರ್ತದಲ್ಲ?"

"ಅದು ತನಗೆ ಬೇಕಾದ್ದು ತೋರಿಸ್ತದೆ. ಇದು ಬಂದ ಕ್ರಮದಲ್ಲಿ ಎಲ್ಲವನ್ನೂ ಕೊಡ್ತದೆ. ದೊಡ್ಡವರು ಸತ್ರೆ ಮೇಲೆ, ಬಡವರು ಸತ್ರೆ ಕೆಳಗೆ, ಹಾಗೆ ಇಲ್ಲ."

ನನ್ನ ದರದ ಸೈಟಿನಲ್ಲಿ ಫೀಡ್ ಇದೆ ಎಂದು ತೋರಿಸುವ ಕಿತ್ತಳೆ ಬಣ್ಣದ ಗುರುತು ಎಲ್ಲೂ ಕಾಣಲಿಲ್ಲ. ಅವರು ಅದರ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ 'ಫೀಡ್' ಎಂದು ಇಂಗ್ಲಿಷಿನಲ್ಲಿ ಒತ್ತಿದರು. ಸಿಕ್ಕಿತು. "ಕೆಲವರು ಬಾಗಿಲು ಇಟ್ಟಿರ್ತಾರೆ, ಬೋರ್ಡ್ ಹಾಕುದಿಲ್ಲ" ಎಂದರು. ಅವರದ್ದರಲ್ಲಿ ಕರಾವಳಿಯ ಏಳೆಂಟು ಸುದ್ದಿ ಸೈಟುಗಳಿದ್ದವು. ಕೆಲವದರಲ್ಲಿ ನಿಧನ ವಿಭಾಗಕ್ಕೇ ಬೇರೆ ಫೀಡ್. ಕೆಲವರು ಪೂರ್ತಿ ಸುದ್ದಿ ಕೊಡುತ್ತಿದ್ದರು, ಕೆಲವು ಜಿಪುಣರು ಎರಡು ಸಾಲು ಕೊಟ್ಟು ಮಿಕ್ಕದ್ದಕ್ಕೆ ಸೈಟಿಗೆ ಬಾ ಎನ್ನುತ್ತಿದ್ದರು. ಚಂಪಾಳಿಗೆ ಯಕ್ಷಗಾನ ಮೇಳದ ಸೈಟು, ತಮ್ಮ ಹೆಂಡತಿ ಶ್ರೀಮತಿಯಮ್ಮನಿಗೆ ಅಡುಗೆಯ ಎರಡು ಬ್ಲಾಗು, ಎಲ್ಲ ಹಾಕಿಕೊಟ್ಟರು. ಒಂದೆರಡು ತಿಂಗಳಲ್ಲಿ ನಮ್ಮ ಕಟ್ಟಡದ ಕನ್ನಡಿಗರೆಲ್ಲ ಫೀಡ್ ಓದುವವರಾದೆವು. ಸತ್ತವರ ಫೀಡ್ ಮಾತ್ರ ಅವರೊಬ್ಬರಿಗೇ ಬಿಟ್ಟದ್ದು.

ಆ ಫೀಡೇ ಅವರ ಮಗಳ ಮದುವೆಯನ್ನು ನಿಲ್ಲಿಸಿತು. ಅಪರ್ಣಾಗೆ ಮೂವತ್ತನಾಲ್ಕು ತುಂಬಿತ್ತು. ಜಾತಕ ಹಿಡಿದು ತಿರುಗಿ ತಿರುಗಿ ಶ್ರೀಮತಿಯಮ್ಮನ ಚಪ್ಪಲಿ ಸವೆದ ಮೇಲೆ ನೆರೂಳಿನ ಮನೀಶನ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಇಬ್ಬರಿಗೂ ಪರಸ್ಪರ ಇಷ್ಟ. ಮಾಘದಲ್ಲಿ ಮುಹೂರ್ತ. ಮದುವೆಗೆ ವಾರವಿರುವಾಗ ಫೀಡಿನಲ್ಲಿ ಬಾರ್ಕೂರಿನ ಕಡೆಯ ಒಬ್ಬ ಮುದುಕರ ನಿಧನ ಬಂತು. ಉಪಾಧ್ಯರ ದಾಯಾದಿ. ಆರು ತಲೆಮಾರಿನ ಹಿಂದೆ ಒಡೆದ ಕವಲು. ಇವರು ಆ ಮುದುಕರ ಮುಖವನ್ನು ಒಮ್ಮೆಯೂ ನೋಡಿದವರಲ್ಲ. ಆದರೂ ಹತ್ತು ದಿನದ ಸೂತಕ, ಮದುವೆ ಆಗುವಂತಿಲ್ಲ ಎಂದುಬಿಟ್ಟರು.

ನಾನು ಹೋಗಿ ಜಗಳವಾಡಿದೆ. "ಊರಿನವರು ನಿಮಗೆ ಹೇಳಿದ್ರಾ? ಇಲ್ಲ. ನೀವಾಗಿ ಹೋಗಿ ಓದಿದ್ದು. ಕೇಳದವನಿಗೆ ಸೂತಕ ಇಲ್ಲ ಅಂತ ನೀವೇ ಹೇಳ್ತೀರಿ. ಓದ್ಲಿಲ್ಲ ಅಂತ ಇದ್ದುಬಿಡಿ."

"ಓದಿ ಆಯ್ತಲ್ಲ ಶೆಟ್ರೇ. ಗೊತ್ತಾದದ್ದನ್ನು ಗೊತ್ತಿಲ್ಲ ಅಂತ ಮಾಡ್ಲಿಕ್ಕೆ ನನಗೆ ಬರುದಿಲ್ಲ."

ಬರುವುದಿಲ್ಲ ಎಂದರೆ ನಿಜಕ್ಕೂ ಬರುವುದಿಲ್ಲ. ನೆಟ್ಟಗೆ ನಿಂತ ಕಂಬದ ಹಾಗಿನ ಮನುಷ್ಯ. ಹಾಲ್ ರದ್ದಾಯಿತು, ಕರೆದವರಿಗೆಲ್ಲ ಬರಬೇಡಿ ಎಂದು ಹೇಳಬೇಕಾಯಿತು. ಮನೀಶನ ತಾಯಿ ಫೋನಿನಲ್ಲಿ ಮೆಲ್ಲಗೇ ಹೇಳಿದರಂತೆ, ಇನ್ನೊಮ್ಮೆ ಹೀಗಾದರೆ ಈ ಸಂಬಂಧಕ್ಕೆ ದೇವರ ಒಪ್ಪಿಗೆ ಇಲ್ಲವೆಂದು ತಿಳಿದುಕೊಳ್ಳುತ್ತೇವೆ ಎಂದು. ಅಪರ್ಣಾ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ನಮ್ಮ ಮನೆಗೆ ಬಂದು ಚಂಪಾಳ ಹತ್ತಿರ ಕೂತು, "ಫೀಡ್ ತೊ ಮೈನೇ ಹೀ ಸಿಖಾಯಾ ನಾ, ಆಂಟಿ" ಎಂದು, ಕಲಿಸಿದವಳು ತಾನೇ ಎಂದು ನಕ್ಕಳು. ನಗುತ್ತಿದ್ದ ಹಾಗೆಯೇ ಅಳು ಬಂತು.

ಮುಂದಿನ ಮುಹೂರ್ತ ವೈಶಾಖದಲ್ಲಿ ಸಿಕ್ಕಿತು. ಆದರೆ ಅಷ್ಟರಲ್ಲಿ ಉಪಾಧ್ಯರ ಅಣ್ಣ ವಾದಿರಾಜ ಉಪಾಧ್ಯರು ಹಾಸಿಗೆ ಹಿಡಿದಿದ್ದರು. ಅವರು ಹಿರಿಯಡ್ಕದ ಕಡೆ ಹೆಸರಾಂತ ಅಡುಗೆಯವರು. ಅಪ್ಪ ಬೇಗ ಹೋದ ಮನೆಯಲ್ಲಿ ಈ ಅಣ್ಣನೇ ಅಡುಗೆ ಮಾಡಿ ತಮ್ಮನನ್ನು ಓದಿಸಿದ್ದು, ಮುಂಬಯಿ ಬಸ್ಸು ಹತ್ತಿಸಿದ್ದು. ಪ್ರತಿ ಭಾನುವಾರ ಇಬ್ಬರೂ ಫೋನಿನಲ್ಲಿ ಮಾತಾಡುವರು. ಅಣ್ಣನ ಸ್ವರ ವಾರದಿಂದ ವಾರಕ್ಕೆ ಇಳಿಯುತ್ತಿತ್ತು.

ಮದುವೆಗೆ ಹದಿನೈದು ದಿನವಿರುವಾಗ ಶ್ರೀಮತಿಯಮ್ಮ ಗಂಡನ ಫೋನ್ ಕಿತ್ತುಕೊಂಡರು. "ಅಪರ್ಣನ ಧಾರೆ ಆಗುವವರೆಗೆ ಇದು ನನ್ನ ಕಪಾಟಿನಲ್ಲಿ" ಎಂದರು. ಉಪಾಧ್ಯರು ಸುಮ್ಮನೆ ಕೊಟ್ಟರು. ಮರುದಿನ ನಮ್ಮ ಮನೆಗೆ ಬಂದು, ನನ್ನ ಫೋನ್ ತೆಗೆದುಕೊಂಡು, ತಮ್ಮ ಫೀಡುಗಳನ್ನೆಲ್ಲ ಅದಕ್ಕೆ ಹಾಕಿದರು.

"ಈ ಹದಿನೈದು ದಿನ ನೀವು ಓದಿ. ಯಾರಿಗೆ ತಿಳಿಸ್ಬೇಕು ಅಂತ ನಾನು ಹೇಳ್ತೇನೆ. ನನಗೆ ಮದುವೆ ಉಂಟು ಅಂತ ಬೇರೆಯವರಿಗೆ ಅನ್ಯಾಯ ಆಗ್ಬಾರದು."

"ನಿಮ್ಮದೇ ಕುಟುಂಬದ್ದು ಬಂದ್ರೆ?"

"ಅದನ್ನು ನನಗೆ ಹೇಳ್ಬೇಡಿ. ಶ್ರೀಮತಿಗೂ ಬೇಡ, ಅಪರ್ಣನಿಗೂ ಬೇಡ. ಮದುವೆ ದಿನ ಬೆಳಿಗ್ಗೆ ಪಿತೃಗಳಿಗೆ ನಾಂದಿ ಅಂತ ಮಾಡ್ತೇವಲ್ಲ, ಅದು ಆದ ಮೇಲೆ ಕೇಳಿದ್ರೆ ಮದುವೆಗೆ ಬಾಧಕ ಇಲ್ಲ. ಅಲ್ಲಿಯವರೆಗೆ ನನ್ನ ಕಿವಿಗೆ ಬೀಳ್ಬಾರದು."

ನಾನು ಕೇಳಬಾರದಿತ್ತು, ಆದರೆ ನನ್ನ ನಾಲಿಗೆಗೆ ಕಡಿವಾಣ ಎಂದೂ ಇದ್ದದ್ದಲ್ಲ. "ಅಣ್ಣನದ್ದಾದ್ರೂ?"

ಅವರು ನನ್ನ ಫೋನಿನ ಅಂಚನ್ನು ಪಂಚೆಯಿಂದ ಒರೆಸಿದರು. "ಅವನೇ ಹೇಳಿದ್ದಾನೆ. ನಾಂದಿವರೆಗೆ ಹಿಡ್ಕೊಂಡಿರ್ತೇನೆ ಸಂಕರ್ಷಣ, ಆಗದಿದ್ರೆ ನೀನು ಕೇಳ್ಬೇಡ, ಮಗುವಿನ ಮದುವೆ ನಿಲ್ಲಿಸ್ಬೇಡ ಅಂತ" ಎಂದು ಹೇಳಿ ಎದ್ದು ಹೋದರು.

ಹೀಗೆ ಯಮಧರ್ಮನ ಪೋಸ್ಟ್‌ಮ್ಯಾನ್ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಕಳಂಬೋಲಿಯಿಂದ ಬರುವ ಬಸ್ಸಿನಲ್ಲಿ ಕೂತು ಓದುತ್ತಿದ್ದೆ. ಉಪಾಧ್ಯರು ನಮ್ಮ ಗೇಟಿನ ಹತ್ತಿರ ಕಾದಿರುತ್ತಿದ್ದರು. "ಇವತ್ತು ಯಾರ್ಯಾರು?" ಎಂದು ಕೇಳುವರು. ನಾನು ಹೆಸರು, ಊರು, ಮನೆ ಹೇಳಿದರೆ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಇವರ ಮಗಳು ಐರೋಲಿಯಲ್ಲಿದ್ದಾಳೆ, ಇವರದ್ದು ಇಲ್ಲಿ ಯಾರೂ ಇಲ್ಲ" ಎಂದು ಹೇಳುವರು. ಇಲ್ಲಿ ಯಾರೂ ಇಲ್ಲದವರಿಗೂ ಒಮ್ಮೆ ಕೈ ಮುಗಿಯುತ್ತಿದ್ದರು.

ಮದುವೆಗೆ ಎರಡು ದಿನ ಮುಂಚೆ, ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಬಿದ್ದಿತ್ತು. ನಾನು ಫೀಡ್ ತೆರೆದೆ. 'ಹಿರಿಯ ಪಾಕತಜ್ಞ ವಾದಿರಾಜ ಉಪಾಧ್ಯ ನಿಧನ' ಎಂಬ ಶೀರ್ಷಿಕೆ ಎಲ್ಲಕ್ಕಿಂತ ಮೇಲಿತ್ತು. ಕೆಳಗೆ ಎರಡೇ ಸಾಲು. ಸೈಟಿಗೆ ಹೋಗಿ ನೋಡಿದೆ. ಮಧ್ಯಾಹ್ನ ತೀರಿಕೊಂಡಿದ್ದಾರೆ. ಮಗ ಮಸ್ಕತ್ತಿನಿಂದ ಬರಬೇಕಾದ್ದರಿಂದ ಅಂತ್ಯಕ್ರಿಯೆ ನಾಳೆ ಬೆಳಿಗ್ಗೆ.

ನಾಳೆ ಬೆಳಿಗ್ಗೆ ಎಂಬುದೇ ನನ್ನನ್ನು ಕೊಂದದ್ದು. ಎಲ್ಲ ಮುಗಿದುಹೋಗಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಸುಲಭವಿತ್ತು. ಈಗ ಹೇಳಿದರೆ ಅವರು ಮಂಗಳೂರಿನ ವಿಮಾನ ಹತ್ತಿ ಅಣ್ಣನ ಮುಖ ನೋಡಬಹುದು. ಹೇಳದಿದ್ದರೆ ಆ ಮುಖ ಇನ್ನೆಂದೂ ಇಲ್ಲ. ಹೇಳಿದರೆ ಅಪರ್ಣನ ಮದುವೆಯೂ ಬಹುಶಃ ಇನ್ನೆಂದೂ ಇಲ್ಲ. ಯಾರನ್ನು ಕೇಳಲಿ? ಆ ಮನೆಯಲ್ಲಿ ಯಾರ ಹತ್ತಿರ ಬಾಯಿಬಿಟ್ಟರೂ ಸೂತಕ ಅಂಟುತ್ತದೆ. ನನಗೆ ಶಾಸ್ತ್ರದ ಮೇಲೆ ಸಿಟ್ಟು ಬಂತು, ಆ ಸೈಟಿನವರ ಮೇಲೆ ಬಂತು, ನನ್ನ ತಲೆಗೆ ಇದನ್ನು ಕಟ್ಟಿದ ಉಪಾಧ್ಯರ ಮೇಲೂ ಬಂತು. ಅವರು ನನಗೆ ನೆರೆಯವರಷ್ಟೇ, ಆದರೂ ಬಸ್ಸಿನ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಗೇಟಿನಲ್ಲಿ ಅವರು ನಿಂತಿದ್ದರು. ಕಟ್ಟಡಕ್ಕೆ ದೀಪದ ಮಾಲೆ ಬಿಟ್ಟಿದ್ದರು, ಮೇಲಿನಿಂದ ಹೆಂಗಸರ ಮಾತು ಕೇಳುತ್ತಿತ್ತು. ಹೇಳಿಬಿಡೋಣ ಎಂದೇ ನಾನು ಬಸ್ಸಿಳಿದದ್ದು. ಸಾಯುವವನಿಗೆ ಮುಹೂರ್ತ ನೋಡಲು ಬರುವುದಿಲ್ಲ, ಆದರೆ ಬದುಕಿದ್ದವನಿಗೆ ಅಣ್ಣನ ಮುಖ ನೋಡುವ ಹಕ್ಕಿದೆ ಎಂದು ನಿರ್ಧರಿಸಿದ್ದೆ. ಅಷ್ಟರಲ್ಲಿ ಅಪರ್ಣಾ ಮೆಟ್ಟಿಲಿಳಿದು ಬಂದಳು. ಎರಡೂ ಕೈಗೆ ಒದ್ದೆ ಮೆಹಂದಿ. ಮುಟ್ಟದ ಹಾಗೆ ಅಗಲಿಸಿ ಹಿಡಿದುಕೊಂಡಿದ್ದಳು.

"ಅಪ್ಪಾ, ಖಾನಾ ಖಾಲೊ, ಅಮ್ಮಾ ಬುಲಾ ರಹೀ ಹೈ" ಎಂದು ಊಟಕ್ಕೆ ಕರೆದವಳು ನನ್ನನ್ನು ಕಂಡು, "ಅಂಕಲ್, ಕೈಸಾ ಹೈ?" ಎಂದು ಕೈ ತೋರಿಸಿದಳು.

"ಚಂದ ಆಗಿದೆ ಮಗಾ" ಎಂದೆ. ಅವಳು ಹೋದಳು.

"ಇವತ್ತು ಯಾರ್ಯಾರು ಶೆಟ್ರೇ?"

"ಯಾರೂ ಇಲ್ಲ" ಎಂದೆ.

"ಯಾರೂ ಇಲ್ವಾ?"

"ಇಲ್ಲ ಉಪಾಧ್ಯರೇ. ಇವತ್ತು ಯಾರೂ ಇಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ದೀಪದ ಮಾಲೆ ನೋಡಿದರು. "ಹಾಗಾದ್ರೆ ಒಳ್ಳೆ ದಿನ" ಎಂದು ಹೇಳಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಮನೆಗೆ ಬಂದು ಚಂಪಾಳಿಗೆ ಎಲ್ಲ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. "ಯಾರೂ ಇಲ್ಲ ಅಂದ್ರಾ? ಎಂಟು ಸೈಟು, ಎರಡು ಜಿಲ್ಲೆ, ಇವತ್ತು ಯಾರೂ ಸಾಯ್ಲಿಲ್ಲವಾ? ನಿಮ್ಮ ತಲೆಯಲ್ಲಿ ಎಂತ ಉಂಟು? ಬೇರೆ ನಾಲ್ಕು ಹೆಸರು ಹೇಳಿ ಇದೊಂದನ್ನು ಬಿಡ್ಬೇಕಿತ್ತು."

ಆ ಫೀಡನ್ನು ವರ್ಷಗಟ್ಟಲೆ ಓದಿದ ಮನುಷ್ಯನಿಗೆ ನಾನು ಹೇಳಿದ್ದು ಎಂಥ ಸುಳ್ಳು! ಒಂದು ದಿನವೂ ಖಾಲಿ ಬಾರದ ಫೀಡು ಅದು. ಇನ್ನೇನು ಮೇಲಿನಿಂದ ಅಳು ಕೇಳಿಸುತ್ತದೆ, ಮದುವೆ ನಿಲ್ಲುತ್ತದೆ ಎಂದು ಬಾಗಿಲ ಹತ್ತಿರವೇ ಕೂತೆ. ಏನೂ ಕೇಳಿಸಲಿಲ್ಲ. ಮರುದಿನವೂ ಅವರು ಹೂವಿನವನ ಜೊತೆ, ಅಡುಗೆಯವರ ಜೊತೆ ಓಡಾಡುತ್ತಿದ್ದರು. ಸಂಜೆ ಗೇಟಿಗೆ ಬರಲಿಲ್ಲ. ಊರಿನಿಂದ ಬರಬೇಕಿದ್ದ ಅಣ್ಣನ ಕಡೆಯವರು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವರು ಯಾರನ್ನೂ ಕೇಳಲಿಲ್ಲ.

ಮದುವೆಯ ಬೆಳಿಗ್ಗೆ ಹಾಲ್‌ನಲ್ಲಿ ನಾಂದಿಗೆ ಕೂತರು. ಪುರೋಹಿತರು ಮಾಘದ ಕಥೆ ಬಲ್ಲವರು, ಎಲ್ಲರೆದುರಿಗೇ ಕೇಳಿದರು, "ಉಪಾಧ್ಯರೇ, ಶುರು ಮಾಡುವ ಮೊದಲು ಒಂದು ಮಾತು. ಕುಟುಂಬದಲ್ಲಿ ಸೂತಕ ಎಂತದೂ ಇಲ್ಲವಲ್ಲ?"

ನೆರೂಳಿನವರೆಲ್ಲ ಈ ಕಡೆ ತಿರುಗಿದರು. ಕಂಡು ಕೇಳರಿಯದ ದಾಯಾದಿಗಾಗಿ ಮದುವೆಯನ್ನೇ ನಿಲ್ಲಿಸಿದ ಮನುಷ್ಯ ಈಗ ಏನನ್ನುತ್ತಾರೋ ಎಂದು ನಾನು ಕಂಬಕ್ಕೆ ಒರಗಿದೆ. ಉಪಾಧ್ಯರು ತಮ್ಮ ಬೆರಳಿನ ದರ್ಭೆಯ ಪವಿತ್ರವನ್ನು ಸರಿಮಾಡಿಕೊಂಡರು.

"ನನಗೆ ಯಾರೂ ಎಂತದೂ ಹೇಳ್ಲಿಲ್ಲ" ಎಂದರು.

ಪುರೋಹಿತರು ಮಂತ್ರ ಶುರು ಮಾಡಿದರು.

ಉಪಾಧ್ಯರು ಧಾರೆ ಎರೆದರು. ಬಂದವರನ್ನೆಲ್ಲ ಮಾತಾಡಿಸಿದರು, ಪಂಕ್ತಿಯಲ್ಲಿ ನಿಂತು ಉಪಚಾರ ಮಾಡಿದರು. ತಾವು ಮಾತ್ರ ಎಲೆಯ ಮುಂದೆ ಕೂತು ಅನ್ನ ಕಲಸಿಟ್ಟು ಎದ್ದದ್ದನ್ನು ನಾನು ನೋಡಿದೆ. ಮಗಳ ಮದುವೆಯ ದಿನ ಅಪ್ಪಂದಿರು ಹಾಗೇ ಎಂದು ಎಲ್ಲರೂ ತಿಳಿದುಕೊಂಡರು.

ಸಂಜೆ ಅಪರ್ಣಾ ನೆರೂಳಿಗೆ ಹೊರಟಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಉಪಾಧ್ಯರು ಕೈ ಎತ್ತಿಯೇ ಇದ್ದರು. ಆಮೇಲೆ ನನ್ನ ತೋಳು ಹಿಡಿದು ಊಟದ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು, ಜನ ಯಾರೂ ಇರಲಿಲ್ಲ. ಒಂದು ಕುರ್ಚಿ ಇಳಿಸಿಕೊಂಡು ಕೂತರು.

"ಈಗ ಓದಿ ಶೆಟ್ರೇ. ಪೂರ್ತಿ ಓದಿ."

ನಾನು ಓದಿದೆ. ಸಾವಿರಾರು ಮದುವೆ ಉಪನಯನಗಳಲ್ಲಿ ಅಡುಗೆಯ ಮುಂದಾಳುವಾಗಿದ್ದರು, ಸರಳ ಸಜ್ಜನರಾಗಿದ್ದರು ಎಂದೆಲ್ಲ ಇತ್ತು. ಕೊನೆಗೆ, "ಮೃತರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಎಂದಿತ್ತು.

"ಅದನ್ನು ಇನ್ನೊಮ್ಮೆ ಓದಿ."

ಓದಿದೆ.

"ಒಡಹುಟ್ಟಿದವರ ಹೆಸರು ಹಾಕುದು ಕ್ರಮ" ಎಂದರು ಉಪಾಧ್ಯರು. "ಸಹೋದರ ಅಂತ ನನ್ನ ಹೆಸರು ಬಂದಿದ್ರೆ ಡೊಂಬಿವಲಿಯಲ್ಲಿ ಯಾರಾದ್ರೂ ಓದಿ ನನಗೆ ಹೇಳ್ತಿದ್ರು. ಮದುವೆ ನಿಲ್ತಿತ್ತು. ಅದಕ್ಕೆ ಮಕ್ಕಳು ನನ್ನನ್ನು ಬಿಟ್ಟಿದ್ದಾರೆ. ಅಣ್ಣನೇ ಹೇಳಿ ಬಿಡಿಸಿರ್ತಾನೆ. ಅವನ ಬುದ್ಧಿ ನನಗೆ ಗೊತ್ತುಂಟು."

ಅವರು ಎದ್ದು ಊಟದ ಮನೆಯ ಹಿಂದಿನ ನಲ್ಲಿಯ ಹತ್ತಿರ ಹೋದರು. ಅಡುಗೆಯವರು ಬಿಟ್ಟುಹೋಗಿದ್ದ ಬಕೆಟ್ಟಿತ್ತು. ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ತಲೆಗೆ ಸ್ನಾನ ಮಾಡಬೇಕು. ನಾನು ನೀರು ತುಂಬಿಸಿ ಕೊಟ್ಟೆ. ಮಗಳನ್ನು ಧಾರೆ ಎರೆದ ಪಟ್ಟೆ ಪಂಚೆಯಲ್ಲೇ ನಿಂತು ಅವರು ತಲೆಯ ಮೇಲೆ ನೀರು ಹೊಯ್ದುಕೊಂಡರು, ಆಮೇಲೆ "ಅಣ್ಣಾ" ಎಂದು ಬಾಯಿಬಿಟ್ಟು ಅತ್ತರು.